‘20-50 ಹಾಕ್ಸಿಬಿಡ್ರಿ’ ಅನ್ನೋ ಊರಲ್ಲಿ 0-16ರ ಕಾರು: ಎಂಜಿನ್ ಆಯಿಲ್‌ ಗ್ರೇಡು ಆರಿಸೋರು ಯಾರು?

2025ರ ಆಗಸ್ಟ್‌ನಲ್ಲಿ ಇ20 ಪೆಟ್ರೋಲ್ ಗಲಾಟೆ ಜೋರಾದಾಗ ಫೋನುಗಳಲ್ಲೆಲ್ಲ ಮೈಲೇಜಿನದ್ದೇ ಜಗಳ. ಗದಗ-ಬೆಟಗೇರಿಯ ಗ್ಯಾರೇಜುಗಳಲ್ಲಿ ನಾನು ಕೇಳಿಸಿಕೊಂಡ ಮಾತು ಬೇರೆ ಇತ್ತು. ಮುಳಗುಂದ ನಾಕಾ ಹತ್ತಿರದ ಒಬ್ಬ ಮೇಸ್ತ್ರಿ ಬಂದ ಗಿರಾಕಿಗಳಿಗೆಲ್ಲ ಒಂದೇ ಔಷಧ ಹೇಳ್ತಿದ್ದರು: “ಪೆಟ್ರೋಲ್‌ನ್ಯಾಗ ಸ್ಪಿರಿಟ್ ಕೂಡಸ್ಯಾರ್ರಿ, ಎಂಜಿನ್ ಕಾಯಾಕತ್ತೇತಿ. ಕಂಪನಿಯವ್ರು ಹೇಳೋ ನೀರಿನಂಥಾ ಆಯಿಲ್ ಬಿಡ್ರಿ, 20-50 ಹಾಕ್ಸಿಬಿಡ್ರಿ.” ಲಕ್ಷ್ಮೇಶ್ವರದ ಬಸ್ ಸ್ಟ್ಯಾಂಡ್ ಮುಂದಿನ ಟ್ಯಾಕ್ಸಿ ಚಾಲಕರೂ ಹೆಚ್ಚುಕಮ್ಮಿ ಇದನ್ನೇ ಹೇಳಿದರು. ಬಿಸಿಲೂರಿಗೆ ಗಟ್ಟಿ ಆಯಿಲ್ ಬೇಕು ಅನ್ನೋದು ಇಲ್ಲಿ ಪಂಚಾಂಗದಷ್ಟೇ ಖಚಿತ.

ಆ ಮೇಸ್ತ್ರಿ ಹೇಳಿದ್ದು ಅರ್ಧ ತಪ್ಪು, ಅರ್ಧ ಸರಿ. ತಪ್ಪಿನ ಅರ್ಧ ಎಂಜಿನ್ ಶಾಸ್ತ್ರಕ್ಕೆ ಸೇರಿದ್ದು. ಸರಿಯಿರುವ ಅರ್ಧ ದಿಲ್ಲಿಯ ನೀತಿಗೆ ಸೇರಿದ್ದು. ಅದಕ್ಕೇ ಇದನ್ನು ಇಲ್ಲಿ ಬರೀತಿದ್ದೇನೆ, ಇಲ್ಲದಿದ್ದರೆ ಆಯಿಲ್ ಡಬ್ಬಿಯ ಮೇಲಿನ ನಂಬರು ರಾಜಕೀಯ ವಿಶ್ಲೇಷಣೆಯ ಪುಟಕ್ಕೆ ಬರೋ ಕಾರಣವಿರಲಿಲ್ಲ.

ಮೊದಲು ಆ ನಂಬರು. 5ಡಬ್ಲ್ಯೂ-30 ಅಂತ ಇದ್ದರೆ ಅದರಲ್ಲಿ ಎರಡು ಬೇರೆ ಬೇರೆ ಪರೀಕ್ಷೆಗಳ ಫಲಿತಾಂಶ ಇದೆ. ‘ಡಬ್ಲ್ಯೂ’ ಅಂದರೆ ಚಳಿಗಾಲ. ಎಂಜಿನ್ ತಣ್ಣಗಿದ್ದಾಗ, ಸ್ಟಾರ್ಟ್ ಮಾಡುವ ಹೊತ್ತಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿದೀತು ಅನ್ನೋದರ ಅಳತೆ ಅದು. 0ಡಬ್ಲ್ಯೂ ಆಯಿಲ್ ಅನ್ನು ಮೈನಸ್ 35 ಡಿಗ್ರಿಯಲ್ಲಿ, 5ಡಬ್ಲ್ಯೂ ಅನ್ನು ಮೈನಸ್ 30ರಲ್ಲಿ, 15ಡಬ್ಲ್ಯೂ ಅನ್ನು ಮೈನಸ್ 20ರಲ್ಲಿ, 20ಡಬ್ಲ್ಯೂ ಅನ್ನು ಮೈನಸ್ 15ರಲ್ಲಿ ಪರೀಕ್ಷೆ ಮಾಡ್ತಾರೆ. ನಮ್ಮ ಡಿಸೆಂಬರ್‌ನ ಬೆಳಗಿನ ಚಳಿಗೆ ಇದ್ಯಾವುದೂ ಸಮಸ್ಯೆಯಲ್ಲ. ಹಾಗಂತ 0ಡಬ್ಲ್ಯೂ ಅಂದರೆ ‘ಚಳಿ ದೇಶದ ಆಯಿಲ್, ನಮಗಲ್ಲ’ ಅನ್ನೋದೂ ತಪ್ಪು. ಬೆಳಿಗ್ಗೆ ಸೆಲ್ಫ್ ಹೊಡೆದಾಗ ಅದು ಕ್ಯಾಮ್‌ವರೆಗೆ ಬೇಗ ತಲುಪುತ್ತದೆ ಅಷ್ಟೆ. ಅದರಿಂದ ಯಾವ ನಷ್ಟವೂ ಇಲ್ಲ.

ನಮಗೆ ಮುಖ್ಯ ಆಗೋದು ಎರಡನೇ ನಂಬರು. ಅದು 100 ಡಿಗ್ರಿ ಬಿಸಿಯಲ್ಲಿ ಆಯಿಲ್ ಎಷ್ಟು ಗಟ್ಟಿ ಉಳಿಯುತ್ತೆ ಅನ್ನೋದು. ಮನೆಯ ಕುಸುಬಿ ಎಣ್ಣೆ ಬಾಣಲೆಯಲ್ಲಿ ಕಾದಾಗ ನೀರಿನಂತೆ ಆಗೋದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 16ಕ್ಕಿಂತ 20, 20ಕ್ಕಿಂತ 30, 30ಕ್ಕಿಂತ 40 ಗಟ್ಟಿ. ಇದರ ಜೊತೆಗೆ ಡಬ್ಬಿಯ ಮೇಲೆ ಕಾಣದ ಮೂರನೇ ಅಳತೆಯೊಂದಿದೆ: 150 ಡಿಗ್ರಿಯಲ್ಲಿ, ಬೇರಿಂಗ್ ಒಳಗಿನಂಥ ವಿಪರೀತ ಒತ್ತಡದ ತಿರುಗಾಟದಲ್ಲಿ ಆಯಿಲ್‌ನ ಪದರ ಎಷ್ಟು ನಿಲ್ಲುತ್ತದೆ ಅನ್ನೋದು. 16ರ ಆಯಿಲ್‌ಗೆ ಇದು ಕನಿಷ್ಠ 2.3 ಇದ್ದರೆ ಸಾಕು, 20ಕ್ಕೆ 2.6, 30ಕ್ಕೆ 2.9. 40ಕ್ಕೆ ಬಂದರೆ 3.5, ಲಾರಿ-ಜೀಪುಗಳ 15ಡಬ್ಲ್ಯೂ-40ಗೆ 3.7. ಎಂಜಿನ್‌ನ ಆಯುಷ್ಯ ನಿಂತಿರೋದು ಬಹುಪಾಲು ಈ ಅಳತೆಯ ಮೇಲೆ.

ಈಗ ಮೇಸ್ತ್ರಿಯ ಮಾತಿಗೆ ಬರೋಣ. ಅಂಬಾಸಿಡರ್, ಫಿಯಟ್ ಓಡುತ್ತಿದ್ದ ಕಾಲದಲ್ಲಿ ಅವರ ಗುರುಗಳು ಹೇಳಿಕೊಟ್ಟಿದ್ದು ಸರಿಯೇ ಇತ್ತು. ಆ ಎಂಜಿನ್‌ಗಳ ಭಾಗಗಳ ನಡುವೆ ಸಂದು ಜಾಸ್ತಿ, ಆಗಿನ ಆಯಿಲ್ ಬಿಸಿಗೆ ಬೇಗ ಸೋಲುತ್ತಿತ್ತು. ಗಟ್ಟಿ ಆಯಿಲ್ ಹಾಕಿದರೆ ಹೊಗೆ ಕಮ್ಮಿ, ಸದ್ದು ಕಮ್ಮಿ. ಆದರೆ ಇವತ್ತಿನ ಎಂಜಿನ್‌ಗೆ ಹೊರಗಿನ ಬಿಸಿಲು ನೇರವಾಗಿ ತಟ್ಟೋದಿಲ್ಲ. ಥರ್ಮೋಸ್ಟ್ಯಾಟ್ ಮತ್ತು ರೇಡಿಯೇಟರ್ ಸೇರಿ ಅದನ್ನು ಶಿಮ್ಲಾದಲ್ಲೂ ಶಿರಹಟ್ಟಿಯಲ್ಲೂ ಹೆಚ್ಚುಕಮ್ಮಿ ಒಂದೇ ಬಿಸಿಯಲ್ಲಿ ಇಡುತ್ತವೆ. ಏಪ್ರಿಲ್‌ನಲ್ಲಿ ಗದಗ 40 ಡಿಗ್ರಿ ಹತ್ತಿರ ಹೋದರೂ ಸುಸ್ಥಿತಿಯಲ್ಲಿರುವ ಕಾರಿನ ಆಯಿಲ್ 90-110ರ ಆಸುಪಾಸಿನಲ್ಲೇ ಇರುತ್ತದೆ.

ಇನ್ನು ಗಟ್ಟಿ ಆಯಿಲ್ ಸುಮ್ಮನೆ ಇರೋದಿಲ್ಲ. ಹೊಸ ಎಂಜಿನ್‌ಗಳಲ್ಲಿ ವಾಲ್ವ್ ಟೈಮಿಂಗ್ ಬದಲಿಸೋ ಯಂತ್ರಾಂಗ, ಟೈಮಿಂಗ್ ಚೈನ್ ಬಿಗಿಯುವ ಟೆನ್ಷನರ್, ಇವೆಲ್ಲ ಆಯಿಲ್‌ನ ಒತ್ತಡದಿಂದಲೇ ಕೆಲಸ ಮಾಡ್ತವೆ. ಆಯಿಲ್ ಓಡುವ ಹಾದಿಗಳು ಸಣ್ಣ, ಬೇರಿಂಗ್‌ನ ಸಂದು ಬಿಗಿ. ಮಾರುತಿಯ ಬಿಎಸ್6 ಪೆಟ್ರೋಲ್ ಕಾರಿಗೆ 0ಡಬ್ಲ್ಯೂ-16 ಹೇಳಿದ ಜಾಗದಲ್ಲಿ 20ಡಬ್ಲ್ಯೂ-50 ಸುರಿದರೆ ಬೆಳಗಿನ ಮೊದಲ ಕ್ಷಣಗಳಲ್ಲಿ ಮೇಲಿನ ಭಾಗಗಳಿಗೆ ಆಯಿಲ್ ತಡವಾಗಿ ತಲುಪುತ್ತದೆ, ಸವೆತ ಅಲ್ಲೇ ಶುರು. ಡಿಪಿಎಫ್ ಇರುವ ಬಿಎಸ್6 ಡೀಸೆಲ್‌ನ ವಿಷಯದಲ್ಲಂತೂ ಗ್ರೇಡಿಗಿಂತ ಹೆಚ್ಚಾಗಿ ಆಯಿಲ್‌ನಲ್ಲಿರುವ ಬೂದಿಯ ಪ್ರಮಾಣ ಮುಖ್ಯ. ಹಳೇ ಜೀಪಿನ ಆಯಿಲ್ ಹಾಕಿದರೆ ಸೈಲೆನ್ಸರ್ ಹಾದಿಯ ಆ ಫಿಲ್ಟರ್ ಕಟ್ಟಿಕೊಂಡು, ದೀಪ ಹೊತ್ತಿಕೊಂಡು, ಗಾಡಿ ಕಂಪನಿ ವರ್ಕ್‌ಶಾಪಿನಲ್ಲಿ ನಿಲ್ಲುತ್ತದೆ. ಬೈಕಿನವರಿಗೂ ಒಂದು ಮಾತು: ಕಾರಿನ ಆಯಿಲ್ ಅಗ್ಗಕ್ಕೆ ಸಿಕ್ತು ಅಂತ ಬೈಕಿಗೆ ಹಾಕಬೇಡಿ, ಕ್ಲಚ್ ಆಯಿಲ್‌ನಲ್ಲೇ ಮುಳುಗಿರುತ್ತದೆ, ಜಾರಲು ಶುರುವಾಗುತ್ತದೆ. ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 ಅಂತ ಇರಬೇಕು.

ಇಷ್ಟು ಮೇಸ್ತ್ರಿ ತಪ್ಪಿದ್ದು. ಸರಿ ಹೇಳಿದ್ದು ಎಲ್ಲಿ?

“ಆ ನೀರಿನಂಥಾ ಆಯಿಲ್ ನಮ್ಮ ಎಂಜಿನ್ ಉಳಸಾಕ ಬಂದಿಲ್ರಿ, ಕಂಪನಿ ಉಳಸಾಕ ಬಂದೈತಿ” ಅಂತ ಅವರು ಅನುಮಾನಪಟ್ಟರಲ್ಲ, ಅದರಲ್ಲಿ. 16 ಅನ್ನೋ ಅಂಕಿ ಎಂಜಿನಿಯರ್‌ಗಳ ಮೇಜಿನಿಂದ ಮಾತ್ರ ಬಂದದ್ದಲ್ಲ. ಕೇಂದ್ರ ಸರ್ಕಾರ ಕಾರು ಕಂಪನಿಗಳಿಗೆ ಸರಾಸರಿ ಇಂಧನ ದಕ್ಷತೆಯ ಮಿತಿ ಹಾಕಿದ್ದು 2017ರ ಏಪ್ರಿಲ್‌ನಿಂದ. ಕಂಪನಿಯೊಂದು ವರ್ಷದಲ್ಲಿ ಮಾರಿದ ಎಲ್ಲ ಕಾರುಗಳ ಹೊಗೆಯಲ್ಲಿನ ಇಂಗಾಲದ ಡೈಆಕ್ಸೈಡ್ ಸರಾಸರಿ ಕಿ.ಮೀ.ಗೆ 130 ಗ್ರಾಂ ದಾಟಬಾರದು ಅಂತ ಮೊದಲು ಇತ್ತು, 2022-23ರಿಂದ 113 ಗ್ರಾಂಗೆ ಇಳಿಯಿತು. ದಾಟಿದರೆ ದಂಡ. ಮೂರನೇ ಹಂತ 2027ರ ಏಪ್ರಿಲ್‌ನಿಂದ ಅಂತ ಇಂಧನ ದಕ್ಷತಾ ಬ್ಯೂರೋ 2025ರ ಸೆಪ್ಟೆಂಬರ್‌ನಲ್ಲಿ ಕರಡು ಬಿಟ್ಟಾಗ, ಸಣ್ಣ ಕಾರುಗಳಿಗೆ ರಿಯಾಯಿತಿ ಕೊಡಬೇಕೋ ಬೇಡವೋ ಅಂತ ಕಂಪನಿಗಳೇ ಎರಡು ಬಣವಾದವು. ಒಂದೊಂದು ಗ್ರಾಂಗೂ ಅಂಥಾ ಬೆಲೆ. ಎಂಜಿನ್ ಹೊಸದಾಗಿ ವಿನ್ಯಾಸ ಮಾಡೋಕೆ ನೂರಾರು ಕೋಟಿ ಬೇಕು. ತೆಳು ಆಯಿಲ್‌ಗೆ ಬದಲಾದರೆ ಅದರ ನೂರನೇ ಒಂದು ಪಾಲು ಖರ್ಚಿಲ್ಲದೆ ನೂರಕ್ಕೆ ಒಂದೆರಡರಷ್ಟು ಇಂಧನ ಉಳಿಯುತ್ತದೆ.

ಇದು ಮೋಸ ಅಂತ ನಾನು ಹೇಳೋದಿಲ್ಲ. ಹವಾಮಾನ ಬಿಕ್ಕಟ್ಟಿನ ಕಾಲದಲ್ಲಿ ಲಕ್ಷಾಂತರ ಕಾರುಗಳಿಂದ ಒಂದೆರಡು ಪ್ರತಿಶತ ಇಂಧನ ಉಳಿಸೋ ನೀತಿ ಇರಲೇಬೇಕು, ತೆಳು ಆಯಿಲ್‌ಗೆಂದೇ ಮಾಡಿದ ಎಂಜಿನ್ ಅದರಲ್ಲಿ ಲಕ್ಷ ಕಿ.ಮೀ.ಗಳನ್ನು ನಿರಾಯಾಸವಾಗಿ ಓಡುತ್ತದೆ. ನನ್ನ ತಕರಾರು ಇರೋದು ಆ ಅಂಕಿಯನ್ನು ಒಂದೇ ಉತ್ತರ ಅನ್ನೋ ಹಾಗೆ ಹೇಳುವುದರ ಬಗ್ಗೆ. ಅಮೆರಿಕದಲ್ಲಿ 0ಡಬ್ಲ್ಯೂ-16 ಸೂಚಿಸುವ ಟೊಯೊಟಾ ಕಾರುಗಳ ಕೈಪಿಡಿಯಲ್ಲೇ, ತುಂಬಾ ವೇಗದಲ್ಲಿ ಅಥವಾ ವಿಪರೀತ ಭಾರದಲ್ಲಿ ಓಡಿಸುವುದಾದರೆ ಇನ್ನೂ ಗಟ್ಟಿ ಆಯಿಲ್ ಹೊಂದಬಹುದು ಅನ್ನೋ ಅರ್ಥದ ಸಾಲಿದೆ. 2025ರ ಏಪ್ರಿಲ್‌ನಲ್ಲಿ ಜನರಲ್ ಮೋಟಾರ್ಸ್ ತನ್ನ 6.2 ಲೀಟರ್ ವಿ8 ಎಂಜಿನ್ ಇರುವ ಸುಮಾರು 6 ಲಕ್ಷ ವಾಹನಗಳನ್ನು ಅಮೆರಿಕದಲ್ಲಿ ವಾಪಸ್ ಕರೆಸಿತು. ದೋಷ ಇದ್ದದ್ದು ಕ್ರ್ಯಾಂಕ್ ಮತ್ತು ಕನೆಕ್ಟಿಂಗ್ ರಾಡ್‌ಗಳ ತಯಾರಿಕೆಯಲ್ಲಿ. ಆದರೆ ತಪಾಸಣೆಯಲ್ಲಿ ಪಾಸಾದ ಗಾಡಿಗಳಿಗೆ ಕಂಪನಿ ಕೊಟ್ಟ ಪರಿಹಾರ ನೋಡಿ: 0ಡಬ್ಲ್ಯೂ-20 ತೆಗೆದು 0ಡಬ್ಲ್ಯೂ-40 ಹಾಕಿ, ಆಯಿಲ್ ಮುಚ್ಚಳವನ್ನೂ ಬದಲಿಸಿ ಕಳಿಸಿತು. ಮುಚ್ಚಳದ ಮೇಲಿನ ಅಂಕಿ ಶಿಲಾಶಾಸನವಲ್ಲ ಅನ್ನೋದನ್ನು ಕಂಪನಿಯೇ ತೋರಿಸಿಕೊಟ್ಟ ಹಾಗಾಯಿತು.

ಭಾರ, ವೇಗ, ಧೂಳು. ಈ ಮೂರನ್ನೂ ನಮ್ಮ ಕಡೆಗೆ ತಂದು ನೋಡಿ. ಮುಂಡರಗಿಯಿಂದ ಗದಗಕ್ಕೆ ಸುಮಾರು 40 ಕಿ.ಮೀ., ಬಾಡಿಗೆ ಗಾಡಿಯೊಳಗೆ ಎಷ್ಟು ಜನ ಅನ್ನೋದನ್ನು ಎಣಿಸೋಕೆ ಹೋಗಬೇಡಿ. ಬೇಸಿಗೆಯಲ್ಲಿ ಬರುವ ಶಿರಹಟ್ಟಿ ಫಕೀರೇಶ್ವರ ಜಾತ್ರೆಗೆ ಏಸಿ ಹಾಕಿಕೊಂಡು ತುಂಬಿದ ಕಾರು ಜನಸಂದಣಿಯಲ್ಲಿ ಮೊದಲನೇ ಗೇರಿನಲ್ಲಿ ತೆವಳುತ್ತದೆ. ಡೋಣಿ ಕಡೆಯಿಂದ ಕಪ್ಪತಗುಡ್ಡದ ಏರು ಬೇರೆ. ಕೆಲವು ಕಾರುಗಳ ಕೈಪಿಡಿಗಳಲ್ಲಿ ‘ಕಠಿಣ ಬಳಕೆ’ ಅಂತ ಒಂದು ಪಟ್ಟಿ ಇರುತ್ತದೆ: ಧೂಳಿನ ರಸ್ತೆ, ಪದೇ ಪದೇ ಸಣ್ಣ ಪ್ರಯಾಣ, ಭಾರ ಎಳೆಯೋದು, ಹೆಚ್ಚು ಹೊತ್ತು ನಿಂತಲ್ಲೇ ಎಂಜಿನ್ ಚಾಲೂ ಇಡೋದು. ಹೀಗಿದ್ದರೆ ಆಯಿಲ್ ಬದಲಿಸುವ ಅವಧಿಯನ್ನು ಇಳಿಸಿ, ಕೆಲವು ಕಡೆ ಅರ್ಧಕ್ಕೇ ಇಳಿಸಿ ಅನ್ನುತ್ತದೆ. ಕಂಪನಿಯ ಭಾಷೆಯಲ್ಲಿ ನಮ್ಮ ಜಿಲ್ಲೆ ಪೂರ್ತಿ ‘ಕಠಿಣ ಬಳಕೆ’. ನಾವು ಇದನ್ನು ದಿನನಿತ್ಯದ ಜೀವನ ಅಂತೀವಿ!

ಹಾಗಾದರೆ ಆರಿಸೋದು ಹೇಗೆ? ನನ್ನ ಅಭಿಪ್ರಾಯ ಹೀಗಿದೆ. ವಾರಂಟಿ ಇರೋತನಕ ಕೈಪಿಡಿ ಹೇಳಿದ ಗ್ರೇಡು ಬಿಟ್ಟು ಆಚೆ ಹೋಗಬೇಡಿ, ಎಂಜಿನ್ ಕೈಕೊಟ್ಟರೆ ಬಿಲ್ಲು ನೋಡಿಯೇ ಕ್ಲೇಮು ಮಾಡೋದು. ಆದರೆ ಕೈಪಿಡಿ ಪೂರ್ತಿ ಓದಿ. ಬಹಳಷ್ಟು ಕಾರುಗಳಿಗೆ ಒಂದಕ್ಕಿಂತ ಹೆಚ್ಚು ಗ್ರೇಡು ಒಪ್ಪಿರುತ್ತಾರೆ, 0ಡಬ್ಲ್ಯೂ-20ಯೂ ಆಗುತ್ತದೆ, 5ಡಬ್ಲ್ಯೂ-30ಯೂ ಆಗುತ್ತದೆ ಅಂತ. ಟ್ಯಾಕ್ಸಿ ಓಡಿಸುವವರು, ಭಾರ ಹೊರುವವರು ಆ ಒಪ್ಪಿದ ಪಟ್ಟಿಯಲ್ಲೇ ಗಟ್ಟಿ ಇರುವುದನ್ನು ಹಿಡಿಯಬಹುದು. ಲಕ್ಷ ದಾಟಿ ಆಯಿಲ್ ಕುಡಿಯಲು ಶುರುಮಾಡಿದ ಎಂಜಿನ್‌ಗೆ ಒಂದು ಮೆಟ್ಟಿಲು ಮೇಲೆ ಹೋಗಬಹುದು. ಒಂದು ಮೆಟ್ಟಿಲು ಮಾತ್ರ, 16ರಿಂದ 50ಕ್ಕೆ ಹಾರೋದಲ್ಲ. ಹಳೇ ಬೊಲೆರೊ, ಹಳೇ ಟಾಟಾ ಏಸ್ ಡೀಸೆಲ್‌ಗೆ 15ಡಬ್ಲ್ಯೂ-40 ಇವತ್ತಿಗೂ ಸರಿಯೇ. ಇದೆಲ್ಲಕ್ಕಿಂತ ಮುಖ್ಯವಾದದ್ದು ಡಿಪ್‌ಸ್ಟಿಕ್. ತಿಂಗಳಿಗೊಮ್ಮೆ ಅದನ್ನು ಎಳೆದು ನೋಡುವವರ ಎಂಜಿನ್ ಯಾವ ಗ್ರೇಡಿನಲ್ಲೂ ಬದುಕುತ್ತದೆ. ಆಯಿಲ್ ಇಳಿದದ್ದೇ ಗೊತ್ತಿಲ್ಲದವರಿಗೆ ಯಾವ ದುಬಾರಿ ಡಬ್ಬಿಯೂ ಉಪಯೋಗಕ್ಕೆ ಬರೋದಿಲ್ಲ.

ಇ20ಗೂ ಇದಕ್ಕೂ ಏನು ಸಂಬಂಧ ಅಂತ ಕೇಳಬಹುದು. ಎಥನಾಲ್‌ಗೆ ಎಂಜಿನ್ ಕಾದು ಹೋಗುತ್ತದೆ ಅನ್ನೋದು ಸುಳ್ಳು. ಎಥನಾಲ್ ಆವಿಯಾಗೋಕೆ ಪೆಟ್ರೋಲ್‌ಗಿಂತ ಹೆಚ್ಚು ಶಾಖ ಹೀರುತ್ತದೆ. ತೊಂದರೆ ಬರೋದು ಸಣ್ಣ ಪ್ರಯಾಣದಲ್ಲಿ. ಬೆಟಗೇರಿಯಿಂದ ಗದಗ ಮಾರ್ಕೆಟ್ಟಿಗೆ ಹೋಗಿ ಬರುವಷ್ಟರಲ್ಲಿ ಎಂಜಿನ್ ಪೂರ್ತಿ ಬಿಸಿಯಾಗಿರೋದಿಲ್ಲ, ಉರಿಯದ ಇಂಧನ ಮತ್ತು ನೀರಿನ ಅಂಶ ಆಯಿಲ್‌ಗೆ ಇಳಿದು ಸೇರಿಕೊಳ್ಳುತ್ತವೆ, ಆಯಿಲ್ ಇನ್ನಷ್ಟು ತೆಳುವಾಗುತ್ತದೆ. ಇದಕ್ಕೆ ಪರಿಹಾರ 20-50 ಅಲ್ಲ, ಬೇಗ ಬದಲಿಸೋದು ಮತ್ತು ವಾರಕ್ಕೊಮ್ಮೆಯಾದರೂ ಹೈವೇಯಲ್ಲಿ ಅರ್ಧ ತಾಸು ಓಡಿಸೋದು.

ಆದರೆ ನನ್ನನ್ನು ಕಾಡೋದು ಲೆಕ್ಕ. ಕೇಂದ್ರ ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟ್‌ನಲ್ಲಿ ಹೇಳಿದ್ದು: ಇ20ಗೆ ಹೊಂದಿಸಿದ ಕಾರುಗಳಲ್ಲಿ ಮೈಲೇಜು 1ರಿಂದ 2 ಪ್ರತಿಶತ, ಉಳಿದವುಗಳಲ್ಲಿ 3ರಿಂದ 6 ಪ್ರತಿಶತ ಕಡಿಮೆಯಾಗುತ್ತದೆ. ವರ್ಷಕ್ಕೆ 40,000 ಕಿ.ಮೀ. ಓಡುವ, ಲೀಟರಿಗೆ 20 ಕೊಡುವ ಹಳೇ ಟ್ಯಾಕ್ಸಿಗೆ 2,000 ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ 100 ರೂಪಾಯಿ ಅಂತ ಹಿಡಿದರೂ 3 ಪ್ರತಿಶತ ಅಂದರೆ 6,000 ರೂಪಾಯಿ, 6 ಪ್ರತಿಶತ ಅಂದರೆ 12,000. ತೆಳು ಆಯಿಲ್ ಹಾಕಿ ಉಳಿಸೋದು ಒಂದು ಪ್ರತಿಶತ, 2,000. ಒಂದು ಸಚಿವಾಲಯ ಆಯಿಲ್ ತೆಳು ಮಾಡಿಸಿ ಹನಿ ಹನಿ ಉಳಿಸ್ತದೆ, ಇನ್ನೊಂದು ಬಂಕಿನಲ್ಲಿ ಅದರ ಮೂರು ಪಟ್ಟು ಹೊಯ್ದುಕೊಳ್ತದೆ. ನಡುವೆ ನಿಂತ ಚಾಲಕನಿಗೆ ಇ20 ಬೇಡ ಅನ್ನೋ ಆಯ್ಕೆ ಬಂಕಿನಲ್ಲಿ ಇಲ್ಲ. ಹಳೇ ಗಾಡಿಗಳಿಗೆ ಎಥನಾಲ್ ಇಲ್ಲದ ಪೆಟ್ರೋಲ್ ಕೂಡ ಸಿಗಲಿ ಅಂತ ಕೇಳಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು.

ರೈತರಿಗೆ ಒಳ್ಳೇದಾಗ್ತದೆ ಅನ್ನೋದು ಇ20ಗೆ ಕೊಡುವ ದೊಡ್ಡ ಸಮರ್ಥನೆ. ಎಥನಾಲ್‌ಗೆ ಕಬ್ಬಿನ ಜೊತೆ ಗೋವಿನಜೋಳವೂ ಈಗ ದೊಡ್ಡ ಕಚ್ಚಾವಸ್ತು. 2025-26ರ ಮುಂಗಾರಿಗೆ ಗೋವಿನಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಅದೇ ನವೆಂಬರ್‌ನಲ್ಲಿ ಖರೀದಿ ಕೇಂದ್ರ ತೆರೆಯಿರಿ ಅಂತ ಲಕ್ಷ್ಮೇಶ್ವರದಲ್ಲಿ ರೈತರು ಬೀದಿಗಿಳಿದರು, ಯಾಕೆಂದರೆ ಮಾರುಕಟ್ಟೆಯಲ್ಲಿ ಅವರಿಗೆ ಸಿಗುತ್ತಿದ್ದದ್ದು ಅದಕ್ಕಿಂತ ಎಷ್ಟೋ ಕಮ್ಮಿ. ಬಂಕಿನಲ್ಲಿ ಟ್ಯಾಕ್ಸಿಯವನು ಕಳಕೊಂಡ ದುಡ್ಡು ಆ ಎಪಿಎಂಸಿವರೆಗೆ ಬಂದು ಮುಟ್ಟಿರಲಿಲ್ಲ. ಹಾಗಾದರೆ ಎಲ್ಲಿ ನಿಂತಿತು ಅನ್ನೋ ಪ್ರಶ್ನೆಯನ್ನು ನಮ್ಮ ಜಿಲ್ಲೆಯ ಜನಪ್ರತಿನಿಧಿಗಳು ಕೇಳಬೇಕಿತ್ತು.

ಗ್ಯಾರೇಜಿಗೆ ವಾಪಸ್ ಬರೋಣ. ಮೇಸ್ತ್ರಿ 20-50 ಅನ್ನೋದಕ್ಕೆ ಹಠ ಒಂದೇ ಕಾರಣವಲ್ಲ. ಮುಂಡರಗಿ, ಶಿರಹಟ್ಟಿಯಲ್ಲಿ ನಾನು ಕೇಳಿದ ಅಂಗಡಿಗಳ ಶೆಲ್ಫಿನಲ್ಲಿ ಇದ್ದದ್ದೇ 15-40, 20-40, 20-50. ತೆಳು ಗ್ರೇಡು ಬೇಕಾದರೆ “ಗದಗಿಗೆ ಹೋಗ್ರಿ, ಇಲ್ಲಾಂದ್ರ ಹುಬ್ಬಳ್ಳಿಗೆ”. ಕೈಪಿಡಿ ಇಂಗ್ಲಿಷಿನಲ್ಲಿ ಇರುತ್ತದೆ. ಸೆಕೆಂಡ್ ಹ್ಯಾಂಡ್ ಕಾರಿನ ಜೊತೆ ಅದೂ ಬಂದಿರೋದಿಲ್ಲ. ಮಾದರಿ, ಇಸವಿ, ಗ್ರೇಡು, ಎಷ್ಟು ಲೀಟರ್ ಅನ್ನುವ ಪಟ್ಟಿಯನ್ನು ಮೇಸ್ತ್ರಿಗೆ ಕನ್ನಡದಲ್ಲಿ ಯಾರೂ ಕೊಟ್ಟಿಲ್ಲ. ಹದಿನೈದು ವರ್ಷ ಹಿಂದಿನ ಅನುಭವದ ಮೇಲೆ ಆತ ಇವತ್ತಿನ ಎಂಜಿನ್‌ಗೆ ಔಷಧ ಕೊಡ್ತಾನೆ. ಅದಕ್ಕೆ ಆತನನ್ನು ನಗುವ ಹಕ್ಕು ನಮಗಿಲ್ಲ.

ಕಾನೂನಿನ ಕಡೆಯಿಂದ ದಾರಿ ಇಲ್ಲದಿಲ್ಲ. ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿ ಆದೇಶ ಹೊರಡಿಸಿತ್ತು. ಬಿಡಿಭಾಗ, ತಪಾಸಣೆಯ ಸಲಕರಣೆಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಇಟ್ಟುಕೊಂಡಿದ್ದು ಆರೋಪ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ‘ರಿಪೇರಿ ಹಕ್ಕು’ ಪೋರ್ಟಲ್ ತೆರೆಯಿತು, ಅದರಲ್ಲಿ ವಾಹನಗಳೂ ಇವೆ. ಹಕ್ಕಿಗೆ ಪೋರ್ಟಲ್ ಬಂತು, ಬೆಟಗೇರಿಯ ಮೇಸ್ತ್ರಿ ಓದಬಹುದಾದ ಭಾಷೆ ಬರಲಿಲ್ಲ. ರಾಜ್ಯದಲ್ಲಿ ಮಾರುವ ಪ್ರತಿ ವಾಹನದ ಸರ್ವಿಸ್ ಮಾಹಿತಿ ಕನ್ನಡದಲ್ಲೂ ಇರಲಿ, ಒಪ್ಪಿದ ಎಲ್ಲ ಗ್ರೇಡುಗಳನ್ನು ಯಾಕೆ ಅನ್ನೋ ಕಾರಣದ ಜೊತೆ ಅದರಲ್ಲಿ ಹಾಕಲಿ ಅಂತ ಕೇಳೋದು ದೊಡ್ಡ ಬೇಡಿಕೆಯೇನಲ್ಲ. ನಾಮಫಲಕದಲ್ಲಿ ಕನ್ನಡ ಶೇಕಡಾ 60 ಇರಲಿ ಅಂತ ಹೋರಾಡಿದ ನಮಗೆ ಬಾನೆಟ್ ಕೆಳಗಿನ ಕನ್ನಡ ಕಾಣದೇ ಹೋಗಿದೆ.

ಇಲ್ಲಿ ಒಂದು ಕಾಕತಾಳೀಯ ನೆನಪಾಗುತ್ತೆ. ಆಯಿಲ್‌ಗೆ ಈ ನಂಬರು ಕೊಡುವ ಎಸ್‌ಎಇ ಅನ್ನೋ ಎಂಜಿನಿಯರುಗಳ ಸಂಘ ನ್ಯೂಯಾರ್ಕ್‌ನಲ್ಲಿ ಹುಟ್ಟಿದ್ದು 1905ರಲ್ಲಿ. ಅದೇ ವರ್ಷ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳ್ತನದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಶುರುವಾಯಿತು. ಸಾಲಕ್ಕೆ ಸಾಹುಕಾರನ ಮುಂದೆ ನಿಲ್ಲಬಾರದು ಅಂತ ಸಂಘ ಕಟ್ಟಿದ ಜಿಲ್ಲೆ ಇದು. ಟ್ಯಾಕ್ಸಿ, ಟಂಟಂ ಚಾಲಕರ ಸಂಘವೊಂದು ಸರಿಯಾದ ಗ್ರೇಡಿನ ಆಯಿಲ್ ಅನ್ನು ಬ್ಯಾರಲ್ ಲೆಕ್ಕದಲ್ಲಿ ಬಿಲ್ಲಿನ ಸಮೇತ ತರಿಸಿಕೊಂಡರೆ ನಕಲಿ ಡಬ್ಬಿಯ ಕಾಟವೂ ಕಮ್ಮಿಯಾಗುತ್ತೆ, ಸಗಟು ದರವೂ ಸಿಗುತ್ತೆ. ಎಂಜಿನ್ ಆಯಿಲ್ ಮೇಲೆ ಜಿಎಸ್‌ಟಿ 18 ಪ್ರತಿಶತ. 2025ರ ಸೆಪ್ಟೆಂಬರ್‌ನಲ್ಲಿ ಸಣ್ಣ ಕಾರುಗಳ ತೆರಿಗೆ 28ರಿಂದ 18ಕ್ಕೆ ಇಳಿದಾಗ ಕಾರು ಕೊಳ್ಳುವವನಿಗೆ ಸಿಹಿ ಸುದ್ದಿ, ಆಯಿಲ್ ಮೇಲಿನ ತೆರಿಗೆ ಮಾತ್ರ ಹಾಗೇ ಉಳಿಯಿತು.

ಕೊನೆಗೆ, ಇಳಿಸಿದ ಆಯಿಲ್ ಎಲ್ಲಿ ಹೋಗುತ್ತೆ? ಬೇಗ ಬೇಗ ಬದಲಿಸಿ ಅಂತ ಹೇಳಿದ ಮೇಲೆ ಇದನ್ನು ಕೇಳಲೇಬೇಕು. ಕಾನೂನಿನ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಆಯಿಲ್ ತಯಾರಿಸುವ, ಆಮದು ಮಾಡುವ ಕಂಪನಿಗಳೇ ಅದರ ಮರುಸಂಸ್ಕರಣೆಯ ಹೊಣೆ ಹೊರಬೇಕು ಅನ್ನೋ ನಿಯಮ 2023ರ ಸೆಪ್ಟೆಂಬರ್‌ನಲ್ಲಿ ಬಂದು 2024ರ ಏಪ್ರಿಲ್ 1ರಿಂದ ಜಾರಿಯಾಗಿದೆ. ಮೊದಲ ವರ್ಷದ ಗುರಿ ಬರೀ 5 ಪ್ರತಿಶತ. ನಮ್ಮ ಕಡೆ ಕರಿ ಆಯಿಲ್ ಗೆದ್ದಲು ಬಾರದಿರಲಿ ಅಂತ ಬೇಲಿ ಗೂಟಕ್ಕೆ ಹೋಗುತ್ತೆ, ಚಕ್ಕಡಿ ಗಾಲಿಗೆ ಹೋಗುತ್ತೆ, ಉಳಿದದ್ದು ಗಟಾರಕ್ಕೆ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, 2024ರಲ್ಲಿ ಅದಕ್ಕೆ ರಾಮ್ಸಾರ್ ಮಾನ್ಯತೆಯೂ ಸಿಕ್ಕಿತು. ಅಂಥ ತಾಲ್ಲೂಕಿನಲ್ಲಿ ಗ್ಯಾರೇಜಿನವರು ಹಳೇ ಆಯಿಲ್ ತಂದು ಒಪ್ಪಿಸೋಕೆ ಒಂದು ಜಾಗ ಇರಬೇಕಲ್ಲ? ಮುಳಗುಂದ ನಾಕಾದ ಮೇಸ್ತ್ರಿಯನ್ನು ನಾನು ಇದನ್ನೂ ಕೇಳಿದ್ದೆ. ಹಿಂದಿದ್ದ ಡ್ರಮ್ಮು ತೋರಿಸಿದರು. “ತಿಂಗಳಿಗೊಮ್ಮೆ ಒಬ್ಬಾಂವ ಗಾಡಿ ತಗೊಂಡ ಬರ್ತಾನ್ರಿ, ರೊಕ್ಕಾ ಕೊಟ್ಟ ಒಯ್ತಾನ.” ರಸೀದಿ ಕೊಡ್ತಾನಾ ಅಂದೆ. “ಕರಿ ಆಯಿಲ್‌ಗ ಎಂಥಾ ರಸೀದಿರಿ ಸರ” ಅಂತ ಮತ್ತೆ ಬಾನೆಟ್ ಒಳಗೆ ಬಗ್ಗಿದರು.